ತೆಳು ಶೀಟಿನಲ್ಲಿ ಥ್ರೆಡ್ ಹೋದರೆ ಮತ್ತೆ ಟ್ಯಾಪ್ ಹಾಕಬೇಡಿ

ಪ್ರಶ್ನೆ: ಯಲಹಂಕದ ಹತ್ತಿರ ಒಂದು ಶೆಡ್ಡಿನಲ್ಲಿ ನಾನು ಮತ್ತು ನನ್ನ ಭಾವಮೈದ ಸೇರಿ ಎರಡು ಸೀಟಿನ ಕಿಟ್ ವಿಮಾನ ಕಟ್ಟುತ್ತಿದ್ದೇವೆ. ರೆಕ್ಕೆಯ ಅಡಿಯ ಇನ್‌ಸ್ಪೆಕ್ಷನ್ ಕವರಿಗೆ ಎಂಟು ಸ್ಕ್ರೂ. 1 ಮಿ.ಮೀ. ಅಲ್ಯೂಮಿನಿಯಂ ಶೀಟಿಗೇ ಎಂ5 (5 ಮಿ.ಮೀ. ಸ್ಕ್ರೂವಿನ) ಟ್ಯಾಪ್ ಹಾಕಿ ಥ್ರೆಡ್ ಕೊರೆದಿದ್ದೆವು. ಐದಾರು ಸಲ ಬಿಚ್ಚಿ ಹಾಕುವಷ್ಟರಲ್ಲಿ ಮೂರು ತೂತಿನ ಥ್ರೆಡ್ ಹೋಯ್ತು, ಸ್ಕ್ರೂ ಸುಮ್ನೆ ತಿರುಗುತ್ತೆ. ಒಬ್ಬರು ಎಂ6 ಮಾಡಿ ಅಂತಾರೆ, ಇನ್ನೊಬ್ಬರು ಹೆಲಿಕಾಯಿಲ್ (ತೂತಿನೊಳಗೆ ಕೂರಿಸುವ ತಂತಿ ಸುರುಳಿಯ ಥ್ರೆಡ್) ಅಂತಾರೆ. ಪೀಣ್ಯದಲ್ಲಿ ಲೇತ್ ಇಟ್ಟಿರುವ ಪರಿಚಯದವರು ಎಂ-ಸೀಲ್ ತುಂಬಿ ಮತ್ತೆ ಟ್ಯಾಪ್ ಹಾಕಿ ಅಂದರು. ಯಾವುದು ಸರಿ?

ಉತ್ತರ: ಮೂರೂ ಬೇಡ. ಯಾಕೆ ಅಂತ ಒಂದು ಚಿಕ್ಕ ಲೆಕ್ಕ ಹಾಕೋಣ. ಎಂ5 ಸ್ಕ್ರೂವಿನ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ, 0.8 ಮಿ.ಮೀ. ನಿಮ್ಮ ಶೀಟು 1 ಮಿ.ಮೀ. ಅಂದರೆ ಸ್ಕ್ರೂ ಹಿಡಿದುಕೊಂಡಿದ್ದು ಒಂದೂಕಾಲು ಸುತ್ತು ಥ್ರೆಡ್ಡನ್ನು ಮಾತ್ರ. ಅಲ್ಯೂಮಿನಿಯಂನಲ್ಲಿ ಥ್ರೆಡ್ ಗಟ್ಟಿಯಾಗಿ ನಿಲ್ಲಬೇಕಾದರೆ ಸ್ಕ್ರೂವಿನ ವ್ಯಾಸದ ಒಂದೂವರೆ, ಎರಡು ಪಟ್ಟು ಆಳ ಬೇಕು. ಎಂ5ಗೆ 7.5ರಿಂದ 10 ಮಿ.ಮೀ. ಐದಾರು ಸಲ ತಡೆದುಕೊಂಡಿದ್ದೇ ಜಾಸ್ತಿ. ಎಂ6 ಮಾಡಿದರೆ ಪಿಚ್ 1 ಮಿ.ಮೀ. ಆಗುತ್ತೆ, ಸಿಗುವುದು ಸರಿಯಾಗಿ ಒಂದೇ ಸುತ್ತು. ತೂತು ದೊಡ್ಡದಾಯ್ತು, ಹಿಡಿತ ಕಮ್ಮಿ ಆಯ್ತು!

ಹೆಲಿಕಾಯಿಲ್ ಒಳ್ಳೆಯದೇ, ಆದರೆ ದಪ್ಪ ಇರುವ ಕಡೆ. ಎಂ5 ಕಾಯಿಲ್ ಕೂರಲು ಕಡಿಮೆ ಅಂದರೂ 5 ಮಿ.ಮೀ. ಆಳ ಬೇಕು. ಎಂಜಿನ್ ಕೇಸಿಂಗಿಗೆ ಸರಿ, ತಗಡಿಗೆ ಅಲ್ಲ. ಎಂ-ಸೀಲ್ ಸೋರುವ ನಲ್ಲಿ ಪೈಪಿಗೆ ಇರಲಿ. ಎಂಜಿನ್ ನಡುಕಕ್ಕೆ ಅದು ಪುಡಿಯಾಗಿ ಉದುರುತ್ತೆ.

ಇಷ್ಟು ತೆಳು ಶೀಟಿನ ಕೆಲಸ ಥ್ರೆಡ್ ಹೊರುವುದಲ್ಲ. ಸ್ಕ್ರೂ ಹಾದು ಹೋಗಲು ಅದರಲ್ಲಿ ತೂತಿದ್ದರೆ ಸಾಕು. ಥ್ರೆಡ್ ಹಿಂದೆ ಬೇರೆ ಕಡೆ ಇರಬೇಕು. ಅದಕ್ಕೆಂದೇ ನಟ್‌ಪ್ಲೇಟ್ ಇದೆ, ಕೆಲವರು ಆಂಕರ್ ನಟ್ ಅಂತಾರೆ. ನಟ್ಟಿನ ಎರಡು ಕಡೆ ಕಿವಿ, ಒಂದೊಂದು ಕಿವಿಗೆ ಒಂದೊಂದು ರಿವೆಟ್. ಒಮ್ಮೆ ರಿವೆಟ್ ಮಾಡಿದರೆ ನಟ್ಟು ಅಲ್ಲೇ ಇರುತ್ತೆ, ಹಿಂದೆ ಸ್ಪಾನರ್ ಹಿಡಿಯುವ ಕೆಲಸವಿಲ್ಲ. ನಿಮ್ಮ ಅದೃಷ್ಟ, ಇದು ಇನ್‌ಸ್ಪೆಕ್ಷನ್ ತೂತು. ಕೈ ಒಳಗೆ ಹೋಗುತ್ತೆ ಅಲ್ವಾ?

ಇನ್ನೊಂದು ಅನುಕೂಲ ಇದೆ. ಥ್ರೆಡ್ ಕಿತ್ತುಹೋದ ಎಂ5 ತೂತು ಸುಮಾರು 5 ಮಿ.ಮೀ. ಇರುತ್ತೆ. ವಿಮಾನದವರು ಬಳಸುವ 10-32 ಸ್ಕ್ರೂ (ಇಂಚಿನ ಅಳತೆಯದು) 4.83 ಮಿ.ಮೀ. ದಪ್ಪ. ಹಾಳಾದ ತೂತೇ ಅದಕ್ಕೆ ಹಾದಿ. 5 ಮಿ.ಮೀ. ಬಿಟ್‌ನಿಂದ ಒಮ್ಮೆ ನೇರ ಮಾಡಿ, ಎರಡೂ ಕಡೆಯ ಬರ್ (ಅಂಚಿನ ಚೂಪು ಚೂರು) ತೆಗೆದರೆ ಸಾಕು.

ಕೂರಿಸುವುದು ಹೀಗೆ. ಒಂದು ಸ್ಕ್ರೂ ತೂರಿಸಿ ನಟ್‌ಪ್ಲೇಟನ್ನು ಹಿಂದೆ ಬಿಗಿ ಮಾಡಿ. ಕಿವಿಯ ತೂತನ್ನೇ ಗೈಡ್ ಮಾಡಿಕೊಂಡು 2.5 ಮಿ.ಮೀ. ಬಿಟ್‌ನಿಂದ ಶೀಟಿಗೆ ಒಂದು ತೂತು ಹಾಕಿ. ಅದಕ್ಕೆ ಕ್ಲೀಕೊ (ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್) ಹಾಕಿದ ಮೇಲೇ ಎರಡನೇ ತೂತು. ಎರಡನ್ನೂ ಒಟ್ಟಿಗೆ ಹೊಡೆಯಲು ಹೋದರೆ ಪ್ಲೇಟು ಕೂದಲೆಳೆಯಷ್ಟು ತಿರುಗಿರುತ್ತೆ, ಆಮೇಲೆ ರಿವೆಟ್ ಕೂರುವುದಿಲ್ಲ. ರಿವೆಟ್ ತೂತಿನ ನಡುವಿನಿಂದ ಶೀಟಿನ ಅಂಚಿಗೆ ರಿವೆಟ್ ವ್ಯಾಸದ ಎರಡು ಪಟ್ಟಾದರೂ, ಅಂದರೆ 5 ಮಿ.ಮೀ. ಜಾಗ ಇರಲಿ.

ಕವರ್ ಮೇಲೆ ಚಪ್ಪಟೆಯಾಗಿ ಕೂರಬೇಕಲ್ಲ, ಅದಕ್ಕೆ ರಿವೆಟ್ ತಲೆ ಶೀಟಿನೊಳಗೆ ಮುಳುಗಬೇಕು. 1 ಮಿ.ಮೀ. ಶೀಟಿನಲ್ಲಿ 3/32 ಇಂಚಿನ (ಸುಮಾರು 2.4 ಮಿ.ಮೀ.) ರಿವೆಟಿಗೆ ಕೌಂಟರ್‌ಸಿಂಕ್ ಮಾಡಬಹುದು, ಅಂದರೆ ತೂತಿನ ಬಾಯನ್ನು ಓರೆಯಾಗಿ ಕೊರೆಯಬಹುದು. 0.8ಕ್ಕಿಂತ ತೆಳುವಾದರೆ ಕೊರೆಯಬೇಡಿ, ಡಿಂಪಲ್ ಡೈಯಲ್ಲಿ ಒತ್ತಿ ಗುಳಿ ಮಾಡಿ. ಇಲ್ಲೊಂದು ಎಡವಟ್ಟು ಎಲ್ಲರಿಗೂ ಆಗುತ್ತೆ. ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೌಂಟರ್‌ಸಿಂಕ್ ಬಿಟ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು 90 ಡಿಗ್ರಿಯದು. ವಿಮಾನದ ರಿವೆಟ್ ತಲೆ 100 ಡಿಗ್ರಿ. ಕಣ್ಣಿಗೆ ಕಾಣುವುದಿಲ್ಲ, ಆದರೆ ತಲೆ ಅಂಚಿನಲ್ಲಿ ಮಾತ್ರ ಕೂತು ಸ್ವಲ್ಪ ದಿನಕ್ಕೇ ಸಡಿಲ ಆಗುತ್ತೆ. ರಿವೆಟ್ ಒತ್ತಿದ ಮೇಲೆ ಒಳಗಿನ ತಲೆ 3.6 ಮಿ.ಮೀ. ಅಗಲ, 1.2 ಮಿ.ಮೀ. ಎತ್ತರ ಇದ್ದರೆ ಸರಿ. ರಿವೆಟ್ ಮಾಡುವ ಮೊದಲು ಬರಿ ಲೋಹ ಕಾಣುವ ಕಡೆಯೆಲ್ಲ ಪ್ರೈಮರ್ ಹಚ್ಚಿ. ಸ್ಟೀಲು, ಅಲ್ಯೂಮಿನಿಯಂ ಎರಡರ ನಡುವೆ ನೀರು ಸೇರಿದರೆ ತಿಂದುಹೋಗುವುದು ಅಲ್ಯೂಮಿನಿಯಂ.

ಹೊಸ ನಟ್‌ಪ್ಲೇಟಿಗೆ ಮೊದಲ ಸಲ ಸ್ಕ್ರೂ ಹಾಕುವಾಗ ಬಿಗಿ ಅನ್ನಿಸುತ್ತೆ. 'ಥ್ರೆಡ್ ಸರಿ ಇಲ್ಲ' ಅಂತ ಟ್ಯಾಪ್ ಓಡಿಸಬೇಡಿ. ನಡುಕಕ್ಕೆ ಸ್ಕ್ರೂ ಬಿಚ್ಚಿಕೊಳ್ಳದಿರಲಿ ಅಂತ ನಟ್ಟಿನ ಬಾಯನ್ನು ಬೇಕಂತಲೇ ಸ್ವಲ್ಪ ಅಮುಕಿರುತ್ತಾರೆ. ಟ್ಯಾಪ್ ಹಾಕಿದರೆ ಆ ಹಿಡಿತವೇ ಹೋಯ್ತು. ಸ್ಕ್ರೂವಿಗೆ ಚೂರು ಮೇಣದಬತ್ತಿ ಉಜ್ಜಿ, ಇಳಿಯುತ್ತೆ.

ರಿವ್‌ನಟ್ (ಮುಂದಿನಿಂದಲೇ ತೂತಿಗೆ ತೂರಿಸಿ ಒತ್ತಿ ಕೂರಿಸುವ ನಟ್ಟು) ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಿಂದೆ ಕೈ ಹೋಗದ, ಭಾರ ಇಲ್ಲದ ಜಾಗಕ್ಕೆ ಪರವಾಗಿಲ್ಲ. ಎಂ5 ರಿವ್‌ನಟ್ಟಿಗೆ 7 ಮಿ.ಮೀ. ತೂತು ಬೇಕು, ಅದೂ ಅಳತೆಗೆ ಸರಿಯಾಗಿ. ಒಮ್ಮೆ ನಾನೇ ಡ್ರಿಲ್ ಅಲ್ಲಾಡಿಸಿ ತೂತು ಚೂರು ಅಗಲ ಮಾಡಿದ್ದೆ. ಹಾಕಿದ ದಿನ ಚೆನ್ನಾಗಿತ್ತು. ಮೂರು ತಿಂಗಳ ಮೇಲೆ ಬಿಚ್ಚಲು ಹೋದರೆ ಸ್ಕ್ರೂ ಜೊತೆ ನಟ್ಟೂ ಗಿರಗಿರ ತಿರುಗಿತು. ಸ್ಕ್ರೂ ತಲೆಯನ್ನೇ ಡ್ರಿಲ್ ಮಾಡಿ ತೆಗೆದೆ, ನಟ್ಟು ರೆಕ್ಕೆಯೊಳಗೆ ಟಣ್ ಅಂತ ಬಿತ್ತು. ಅರ್ಧ ದಿನ ಅಯಸ್ಕಾಂತ ಹಿಡಿದು ಹುಡುಕಿದೆ. ಆಮೇಲೆ ನೆನಪಾಯ್ತು, ಅದು ಅಲ್ಯೂಮಿನಿಯಂ ರಿವ್‌ನಟ್.

ಇದೆಲ್ಲ ಕವರಿನ ಮಾತು. ಕಂಟ್ರೋಲ್ ಕೇಬಲ್ಲಿನ ಪುಲ್ಲಿ, ಸೀಟ್ ಬೆಲ್ಟ್, ಎಂಜಿನ್ ಮೌಂಟ್, ಇಂಥ ಕಡೆ ಥ್ರೆಡ್ ಹೋಗಿದ್ದರೆ ಡ್ರಿಲ್ ಕೈಗೆತ್ತಿಕೊಳ್ಳಬೇಡಿ. ಫೋಟೊ, ಅಳತೆ ಕಿಟ್ ಕಂಪನಿಗೆ ಕಳಿಸಿ, ಅವರು ಬರೆದುಕೊಟ್ಟ ಹಾಗೆ ಮಾಡಿ. ಕವರಿನ ತೂತುಗಳ ಸುತ್ತಲೂ ಒಮ್ಮೆ 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಟ್ಯಾಪ್ ಹಾಕಿದ ತೂತಿನ ಥ್ರೆಡ್ ಬುಡದಿಂದಲೇ ಬಿರುಕು ಶುರುವಾಗುವುದು. ಅನುಮಾನ ಬಂದರೆ ಡೈ ಪೆನಿಟ್ರಂಟ್ (ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ) ಹಚ್ಚಿ. ಬಿರುಕಿದ್ದರೆ ಬಿಳಿ ಡೆವಲಪರ್ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತೆ. ಗೆರೆ ಕಂಡರೆ ನಟ್‌ಪ್ಲೇಟ್ ಕೆಲಸ ನಿಲ್ಲಿಸಿ, ಅದನ್ನೂ ಕಂಪನಿಗೇ ಬರೆಯಿರಿ.

ಮೂರಕ್ಕೆ ಮಾತ್ರ ನಟ್‌ಪ್ಲೇಟ್ ಹಾಕಿ ಐದನ್ನು ಹಾಗೇ ಬಿಡಬೇಡಿ, ಎಂಟಕ್ಕೂ ಹಾಕಿ. ಆಮೇಲೆ ಶೆಡ್ಡಿನಲ್ಲಿರುವ ಎಂ5 ಸ್ಕ್ರೂ ಡಬ್ಬಿಯನ್ನು ಮನೆಗೆ ಒಯ್ಯಿರಿ. 10-32ರ ಪಿಚ್ 0.79, ಎಂ5ದು 0.8. ನೋಡಲು ಅವಳಿ ಜವಳಿ. 10-32 ನಟ್‌ಪ್ಲೇಟಿಗೆ ಎಂ5 ಸ್ಕ್ರೂ ಹಾಕಿದರೆ ಶುರುವಿನಲ್ಲಿ ಹಿಡಿದ ಹಾಗೆ ಅನ್ನಿಸಬಹುದು, ಆಮೇಲೆ ಸಿಕ್ಕಿಕೊಳ್ಳುತ್ತೆ. 'ಹೊಸ ನಟ್ಟು, ಬಿಗಿ ಇರುತ್ತೆ' ಅಂತ ನಿಮ್ಮ ಭಾವಮೈದ ಜೋರಾಗಿ ತಿರುಗಿಸಿದರೆ ನನಗೆ ಇನ್ನೊಂದು ಕಾಗದ ಬರುತ್ತೆ.