ಪುಸ್ತಕ ಮುಚ್ಚಿಟ್ಟರೆ ನಿದ್ದೆ ಬರುತ್ತಾ?

ಪ್ರಶ್ನೆ: ನನಗೆ 26 ವರ್ಷ. ಬೆಂಗಳೂರಿನಲ್ಲಿ ಅಪ್ಪ-ಅಮ್ಮನ ಜೊತೆ ಇದ್ದೇನೆ. ಸಿಲ್ವಿಯಾ ಪ್ಲಾತ್ ಅವರ ‘ದಿ ಬೆಲ್ ಜಾರ್’ ಕಾದಂಬರಿ ಓದುತ್ತಿದ್ದೆ. ಅದರ ನಾಯಕಿ ಎಸ್ತರ್ ಥೇಟ್ ನಾನೇ ಅನಿಸುತ್ತದೆ. ಒಂದು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಸ್ನಾನಕ್ಕೂ ಮನಸ್ಸಿಲ್ಲ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ‘ಇಂಥದ್ದು ಓದಿದ್ರೆ ತಲೆ ಕೆಡುತ್ತೆ’ ಅಂತ ಅಮ್ಮ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಡಾಕ್ಟರ್ ಹತ್ತಿರ ಹೋದರೆ ತಲೆಗೆ ಕರೆಂಟ್ ಶಾಕ್ ಕೊಡ್ತಾರೇನೋ ಅಂತ ಭಯ. ಏನು ಮಾಡಲಿ?

ಉತ್ತರ: ಪುಸ್ತಕ ನಿಮ್ಮ ನಿದ್ದೆ ಕೆಡಿಸಿದೆ ಅಂತ ನನಗೆ ಅನಿಸುತ್ತಿಲ್ಲ. ನಿದ್ದೆಗೆಟ್ಟಿದ್ದಾಗ ಓದಿದ್ದೀರಿ, ಅದಕ್ಕೇ ಜಾಸ್ತಿ ನಾಟಿದೆ.

ಎಸ್ತರ್‌ಗೆ ಒಂದು ಅಂಜೂರದ ಮರ ಕಾಣುತ್ತದಲ್ಲ? ಒಂದು ಹಣ್ಣು ಗಂಡ-ಮಕ್ಕಳು, ಇನ್ನೊಂದು ಕವಿತೆ, ಮತ್ತೊಂದು ಪ್ರೊಫೆಸರ್ ಕೆಲಸ. ಯಾವುದನ್ನು ಕೀಳಲಿ ಅಂತ ಕೂತಲ್ಲೇ ಕೂತಿದ್ದಾಗ ಎಲ್ಲವೂ ಬಾಡಿ ಉದುರುತ್ತವೆ. ಗಂಡು ನೋಡುತ್ತಿರುವ ಮನೆಯ ಹುಡುಗಿಗೆ ಇದು ತನ್ನದೇ ಕಥೆ ಅನಿಸಿದರೆ ಅದು ಕಾಯಿಲೆಯಲ್ಲ. ಆದರೆ ಎಸ್ತರ್ ವಾರಗಟ್ಟಲೆ ನಿದ್ದೆ ಮಾಡುವುದಿಲ್ಲ, ತಲೆಸ್ನಾನವನ್ನೂ ಬಿಡುತ್ತಾಳೆ. ಈ ಹೋಲಿಕೆಯನ್ನು ಡಾಕ್ಟರಿಗೇ ತೋರಿಸಬೇಕು.

ಶಾಕ್ ವಿಷಯ. ಆ ಕಥೆ ನಡೆಯುವುದು 1953ರಲ್ಲಿ. ಅಲ್ಲೂ ಮೊದಲ ಡಾಕ್ಟರ್ ಕೆಟ್ಟದಾಗಿ ಮಾಡಿದ್ದನ್ನೇ ಡಾ. ನೋಲನ್ ಸರಿಯಾಗಿ ಮಾಡಿಸಿದಾಗ ಎಸ್ತರ್‌ಗೆ ಉಸಿರಾಡುವಂತಾಗುತ್ತದೆ. ನೀವು ಅಲ್ಲಿವರೆಗೆ ಓದಿರಲಿಕ್ಕಿಲ್ಲ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವಳಿಕೆ ಇಲ್ಲದೆ ಶಾಕ್ ಕೊಡುವುದನ್ನೇ ನಿಷೇಧಿಸಿದೆ. ನಿದ್ದೆಯಿಲ್ಲ ಅಂತ ಹೋದವರನ್ನು ಮೊದಲು ಕೂರಿಸಿ ಮಾತಾಡಿಸುತ್ತಾರೆ, ಅಷ್ಟೇ.

ಅಮ್ಮನಿಗೆ ಭಯ ಪುಸ್ತಕದ್ದೇ ಅಂದುಕೊಂಡಿದ್ದೀರಾ? ಅವರ ತಲೆಮಾರಿನವರು ‘ಶರಪಂಜರ’ ಸಿನಿಮಾ ನೋಡಿದವರು. ಅದರ ಮೂಲ ಕಾದಂಬರಿ ಬರೆದ ತ್ರಿವೇಣಿಯವರ ನಾಯಕಿ ಕಾವೇರಿ ಹೆರಿಗೆಯಾದ ಮೇಲೆ ಕಾಯಿಲೆ ಬಿದ್ದಳು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೂ ಬಂದಳು. ಅವಳನ್ನು ಮತ್ತೆ ಕೆಡವಿದ್ದು ಗಂಡ ಮತ್ತು ಸುತ್ತಲಿನವರು ನಡೆದುಕೊಂಡ ರೀತಿ. ‘ಗಂಡಿನ ಕಡೆಯವರಿಗೆ ಗೊತ್ತಾದರೆ?’ ಅನ್ನುವ ಅಮ್ಮನ ಭಯ ಸುಮ್ನೆ ಹುಟ್ಟಿದ್ದಲ್ಲ. ಹಾಗಂತ ಚಿಕಿತ್ಸೆ ತಪ್ಪಿಸುವುದಕ್ಕೆ ಅದು ನೆಪವಾಗಬಾರದು. (ಇದನ್ನು ಅಮ್ಮನೂ ಓದಲಿ ಅಂತಲೇ ಬರೆಯುತ್ತಿದ್ದೇನೆ.)

ಈ ವಾರವೇ ಹೋಗಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಆಗಬಹುದು, ಮನೆ ಹತ್ತಿರದ ಮನೋವೈದ್ಯರಾದರೂ ಸರಿ. ಎಷ್ಟು ದಿನದಿಂದ ನಿದ್ದೆಯಿಲ್ಲ, ಎಷ್ಟು ತೂಕ ಇಳಿದಿದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಬದುಕೇ ಬೇಡ ಅನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ. ಅಮ್ಮನನ್ನು ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಪುಸ್ತಕ ಸದ್ಯಕ್ಕೆ ಬೀರುವಿನಲ್ಲೇ ಇರಲಿ. ಮುಂದಿನ ಪುಟಗಳು ರಾತ್ರಿ ಒಬ್ಬರೇ ಕೂತು ಓದುವಂಥವಲ್ಲ. ನಿದ್ದೆ ಸರಿಹೋದ ಮೇಲೆ ಕೇಳಿ ಇಸ್ಕೊಳ್ಳಿ. ಗಂಡು ನೋಡುವುದನ್ನೂ ಒಂದೆರಡು ತಿಂಗಳು ನಿಲ್ಲಿಸಲಿ. ಕೇಳಿದವರಿಗೆ ‘ಈಗಲೇ ಬೇಡ, ಆಮೇಲೆ ನೋಡೋಣ’ ಅಂತ ಅಪ್ಪನೇ ಹೇಳಲಿ.