ಹದಿನೆಂಟು ತುಂಬಿದ ಮೇಲೆ ಹೃದಯಕ್ಕೆ ಯಾವ ಡಾಕ್ಟರ್?

ಕೊಡಗಿನಿಂದ ಬಂದ ಮೂರು ಪತ್ರಗಳು ಒಂದೇ ವಿಷಯದ ಸುತ್ತ ಇವೆ. ಮಕ್ಕಳಾಗಿದ್ದಾಗ ಹೃದಯದ ಚಿಕಿತ್ಸೆ ಪಡೆದವರು ದೊಡ್ಡವರಾದಾಗ ಎಲ್ಲಿಗೆ ಹೋಗಬೇಕು, ಏನು ತಿಳಿದಿರಬೇಕು ಎಂಬುದು. ಹೃದ್ರೋಗ ತಜ್ಞರು ಮೂವರಿಗೂ ಉತ್ತರ ಬರೆದಿದ್ದಾರೆ.

ಪ್ರಶ್ನೆ: ನನ್ನ ಮಗನಿಗೆ ಈಗ 17 ವರ್ಷ. ಎರಡು ವರ್ಷದವನಿದ್ದಾಗ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆಯಿತು. ಚೀಟಿಯಲ್ಲಿ 'ಟೆಟ್ರಾಲಜಿ ಆಫ್ ಫ್ಯಾಲೋ' ಎಂದಿದೆ. ವರ್ಷಕ್ಕೊಮ್ಮೆ ತೋರಿಸುತ್ತಿದ್ದೆವು, ಕೊರೊನಾ ಬಂದ ಮೇಲೆ ತಪ್ಪಿಹೋಯಿತು. ಈಗ ಹೋದಾಗ ಮಕ್ಕಳ ಡಾಕ್ಟರು 'ಇನ್ನು ಮುಂದೆ ದೊಡ್ಡವರ ವಿಭಾಗಕ್ಕೆ ತೋರಿಸಿ' ಅಂದರು. ಹುಡುಗ ಆರಾಮಾಗಿದ್ದಾನೆ, ಹಾಕಿ ಆಡುತ್ತಾನೆ. ಮುಂದಿನ ವರ್ಷ ಓದಲು ಮಂಗಳೂರಿಗೆ ಹೋಗುತ್ತಾನೆ. ಚೆನ್ನಾಗಿರುವವನನ್ನು ಹೊಸ ಡಾಕ್ಟರ ಹತ್ತಿರ ಯಾಕೆ ಕರೆದುಕೊಂಡು ಹೋಗಬೇಕು?
– ಒಬ್ಬ ತಾಯಿ, ನಾಪೋಕ್ಲು

ಉತ್ತರ: ಅಮ್ಮಾ, ಇಷ್ಟು ವರ್ಷ ನಂಬಿದ ಡಾಕ್ಟರನ್ನು ಬಿಟ್ಟು ಬರುವಾಗ ಯಾವ ತಾಯಿಗಾದರೂ ಕಸಿವಿಸಿ ಆಗುತ್ತದೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು 'ಆರಾಮಾಗಿದ್ದಾನೆ' ಎಂಬ ಮಾತು. ಈ ಕಾಯಿಲೆಯಲ್ಲಿ ಆರಾಮಾಗಿರುವವರೇ ತಪಾಸಣೆ ಬಿಡುತ್ತಾರೆ.

ಫ್ಯಾಲೋ ಎಂದರೆ ಹೃದಯದಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಇರುವುದು. ಕೆಳಗಿನ ಎರಡು ಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು, ಮಹಾಅಪಧಮನಿ ಜಾಗ ಸರಿದು ತೂತಿನ ಮೇಲೆ ಕೂತಿರುವುದು, ಬಲಗೋಣೆಯ ಗೋಡೆ ದಪ್ಪಗಾಗಿರುವುದು. ಫ್ರಾನ್ಸಿನ ವೈದ್ಯ ಫ್ಯಾಲೋ ಇದನ್ನು ವಿವರವಾಗಿ ಬರೆದದ್ದು 1888ರಲ್ಲಿ. ಪೂರ್ತಿ ಸರಿಪಡಿಸುವ ಆಪರೇಷನ್ ಮೊದಲು ಆದದ್ದು 1954ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ. ಅದಕ್ಕೂ ಮೊದಲು ಇಂಥ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾಗುವ ತನಕ ಉಳಿಯುತ್ತಿರಲಿಲ್ಲ. ಹಾಗಾಗಿ ಫ್ಯಾಲೋ ಆಪರೇಷನ್ ಆಗಿ ನಲವತ್ತು, ಐವತ್ತು ದಾಟಿದವರು ವೈದ್ಯರಿಗೂ ಹೊಸಬರೇ. ಬಿಪಿ, ಹಾರ್ಟ್ ಅಟ್ಯಾಕ್ ನೋಡುವ ಎಲ್ಲ ಹೃದ್ರೋಗ ತಜ್ಞರಿಗೂ ಈ ಹೃದಯಗಳ ಒಳಹೊರಗು ಗೊತ್ತಿರುವುದಿಲ್ಲ.

ನಿಮ್ಮ ಮಗನ ಹೃದಯವನ್ನು ರಿಪೇರಿ ಮಾಡಿದ್ದಾರೆ. ಅದು ಹುಟ್ಟಿನಿಂದಲೇ ಸರಿ ಇದ್ದ ಹೃದಯದ ಹಾಗೆ ಆಗಿಲ್ಲ. ಕಿರಿದಾದ ದಾರಿಯನ್ನು ಅಗಲ ಮಾಡುವಾಗ ಶ್ವಾಸಕೋಶದ ಕಡೆಯ ವಾಲ್ವ್ ಹೆಚ್ಚಿನವರಲ್ಲಿ ಸೋರತೊಡಗುತ್ತದೆ. ಸೋರಿದ ರಕ್ತ ಪ್ರತಿ ಬಡಿತಕ್ಕೂ ಬಲಗೋಣೆಗೆ ವಾಪಸ್ ಬರುತ್ತದೆ. ಕೋಣೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಹಿಗ್ಗುತ್ತದೆ. ಹುಡುಗನಿಗೆ ಏನೂ ಗೊತ್ತಾಗುವುದಿಲ್ಲ. ಉಸಿರು ಕಟ್ಟತೊಡಗುವ ಹೊತ್ತಿಗೆ ತಡವಾಗಿರಬಹುದು. ಅದಕ್ಕೇ ಎಕೋ (ಹೃದಯದ ಸ್ಕ್ಯಾನಿಂಗ್) ಬೇಕು, ಒಂದು ಹಂತದಲ್ಲಿ ಹೃದಯದ ಎಂಆರ್‌ಐ ಬೇಕು. ಕೋಣೆ ಎಷ್ಟು ಹಿಗ್ಗಿದೆ ಎಂದು ನಿಖರವಾಗಿ ಅಳೆಯುವುದು ಎಂಆರ್‌ಐ. ತುಂಬಾ ಜನರಿಗೆ ಇಪ್ಪತ್ತು–ಮೂವತ್ತರ ವಯಸ್ಸಿನಲ್ಲಿ ಆ ವಾಲ್ವ್ ಬದಲಿಸಬೇಕಾಗುತ್ತದೆ. ಸರಿಯಾದ ಸಮಯಕ್ಕೆ ಬದಲಿಸಿದರೆ ಕೋಣೆ ಮತ್ತೆ ಚಿಕ್ಕದಾಗುತ್ತದೆ. ಸಾಧಾರಣ ಇಸಿಜಿಯನ್ನೂ ಕಡೆಗಣಿಸಬೇಡಿ. ಅದರಲ್ಲಿ ದೊಡ್ಡ ಅಲೆಯ ಅಗಲ 180 ಮಿಲಿಸೆಕೆಂಡ್ ಮುಟ್ಟಿದರೆ ಬಡಿತ ದಾರಿ ತಪ್ಪುವ ಅಪಾಯ ಜಾಸ್ತಿ ಎಂದು ಅರ್ಥ.

ಈ ವಯಸ್ಸಿನಲ್ಲಿ ತಪ್ಪಿಹೋಗುವುದು ನಮ್ಮಲ್ಲಿ ಮಾತ್ರ ಅಲ್ಲ. ಕೆನಡಾದಲ್ಲಿ 19ರಿಂದ 21 ವರ್ಷದ 360 ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅವರೆಲ್ಲ ಮಕ್ಕಳಾಗಿದ್ದಾಗ ಹೃದಯದ ಚಿಕಿತ್ಸೆ ಪಡೆದವರು. ದೊಡ್ಡವರ ತಜ್ಞರ ಹತ್ತಿರ ಸರಿಯಾಗಿ ಹೋಗಿ ಸೇರಿದವರು ಶೇ. 47 ಮಾತ್ರ. ಅಲ್ಲಿ ಸರ್ಕಾರವೇ ಚಿಕಿತ್ಸೆಯ ಖರ್ಚು ಹೊರುತ್ತದೆ, ಆದರೂ ಹೀಗೆ. ಕೊಡಗಿನಲ್ಲಿ ರೈಲಿಲ್ಲ, ಮಳೆಗಾಲದಲ್ಲಿ ಗುಡ್ಡ ಜರಿದರೆ ರಸ್ತೆಯೂ ಇಲ್ಲ, ಕಾಫಿ ಕೊಯ್ಲಿನಲ್ಲಿ ಯಾರಿಗೂ ಬಿಡುವಿಲ್ಲ. ಇಲ್ಲಿ ತಪ್ಪಿಹೋಗಲು ಕಾರಣ ಹುಡುಕಬೇಕಾಗಿಲ್ಲ. ವರ್ಷದ ತಪಾಸಣೆಯನ್ನು ಏಪ್ರಿಲ್–ಮೇ ತಿಂಗಳಿಗೆ ಇಟ್ಟುಕೊಳ್ಳಿ. ಕೊಯ್ಲು ಮುಗಿದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ, ಕಾಲೇಜಿಗೂ ರಜೆ.

ಇನ್ನು ಎಲ್ಲಿಗೆ ಹೋಗುವುದು? ಈಗಿನ ಮಕ್ಕಳ ಡಾಕ್ಟರನ್ನೇ ಕೇಳಿ. 'ಹುಟ್ಟು ಹೃದ್ರೋಗ ಇರುವ ದೊಡ್ಡವರನ್ನು ನೋಡುವವರು ಯಾರು, ಅವರಿಗೆ ಒಂದು ಪತ್ರ ಕೊಡಿ' ಎಂದು ಕೇಳುವುದು ನಿಮ್ಮ ಹಕ್ಕು. ತೋಟದ ಹಳೆ ರೈಟರು ಹೊಸಬರನ್ನು ಎದುರು ಕೂರಿಸಿಕೊಂಡು ಲೆಕ್ಕ ಒಪ್ಪಿಸಿ ಹೋಗುವ ಹಾಗೆ ಇದೂ ಆಗಬೇಕು. ಸುಮ್ನೆ 'ಬೇರೆ ಕಡೆ ತೋರಿಸಿ' ಅಂದರೆ ಸಾಲದು. ಬೆಂಗಳೂರಿನ ದೊಡ್ಡ ಹೃದಯ ಆಸ್ಪತ್ರೆಗಳಲ್ಲಿ ಇಂಥ ಅನುಭವ ಇರುವವರು ಸಿಗುತ್ತಾರೆ. ಅವರನ್ನು ವರ್ಷಕ್ಕೊಮ್ಮೆ ಕಂಡರೆ ಸಾಕು. ನಡುವೆ ಏನಾದರೂ ಆದರೆ ನೋಡಲು ಮಂಗಳೂರಿನಲ್ಲಿ ಒಬ್ಬ ಹೃದ್ರೋಗ ತಜ್ಞರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಇದಕ್ಕಿಂತ ಮುಖ್ಯವಾದ ಕೆಲಸ ಮನೆಯಲ್ಲಿದೆ. ಹದಿನೇಳು ವರ್ಷದ ಹುಡುಗನನ್ನು 'ನಿನಗೆ ಯಾವ ಆಪರೇಷನ್ ಆಗಿದೆಯಪ್ಪಾ?' ಎಂದು ಕೇಳಿದರೆ ಅವನು ತಿರುಗಿ ಅಮ್ಮನ ಮುಖ ನೋಡುತ್ತಾನೆ. ಅಮ್ಮ ದಿನಾಂಕ ಸಮೇತ ಹೇಳುತ್ತಾರೆ. ಪ್ರತಿ ಸಲ ಹೀಗೇ. ಅಮ್ಮನ ಪ್ರೀತಿಯಲ್ಲಿ ಕೊರತೆ ಇಲ್ಲ, ಆದರೆ ಹಾಸ್ಟೆಲಿನಲ್ಲಿ ರಾತ್ರಿ ಎದೆ ಬಡಬಡ ಹೊಡೆದುಕೊಂಡರೆ ಕ್ಯಾಷುವಾಲಿಟಿಯಲ್ಲಿ ಉತ್ತರ ಹೇಳಬೇಕಾದವನು ಅವನು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2011ರಲ್ಲಿ ಹೇಳಿದ ಪ್ರಕಾರ ಈ ತಯಾರಿ ಹನ್ನೆರಡನೇ ವಯಸ್ಸಿನಲ್ಲೇ ಶುರುವಾಗಬೇಕು. ನಿಮ್ಮಲ್ಲಿ ಇನ್ನೂ ಒಂದು ವರ್ಷ ಇದೆ, ಅದು ಸಾಕು.

ಫೈಲನ್ನು ಇವತ್ತೇ ಅವನ ಕೈಗೆ ಕೊಡಿ. ಎಕೋದ ಹಳೆ ಚಿತ್ರಗಳು ನುಣುಪು ಕಾಗದದಲ್ಲಿರುತ್ತವೆ, ವರ್ಷ ಕಳೆದಂತೆ ಅಕ್ಷರ ಮಾಸಿ ಬಿಳಿಯಾಗುತ್ತವೆ. ಕೊಡಗಿನ ಮಳೆಗಾಲದ ತೇವಕ್ಕೆ ಬೂಷ್ಟು ಬೇರೆ ಹಿಡಿಯುತ್ತದೆ. ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಲಿ. ಕಾಯಿಲೆಯ ಹೆಸರು, ಯಾವ ವರ್ಷ ಎಲ್ಲಿ ಆಪರೇಷನ್, ಒಳಗೆ ಏನು ಹಾಕಿದ್ದಾರೆ, ಯಾವ ಮಾತ್ರೆ, ಕೊನೆಯ ಎಕೋದಲ್ಲಿ ಏನು ಬಂತು ಎಂಬುದನ್ನು ಅವನೇ ತನ್ನ ಕೈಯಾರೆ ಒಂದು ಹಾಳೆಯಲ್ಲಿ ಬರೆಯಲಿ. ಹಾಸ್ಟೆಲಿನಲ್ಲಿ ಒಬ್ಬ ಗೆಳೆಯನಿಗೆ ವಿಷಯ ಗೊತ್ತಿರಲಿ.

ಮುಂದಿನ ಭೇಟಿಯಲ್ಲಿ ನೀವು ಸ್ವಲ್ಪ ಹೊತ್ತು ಹೊರಗೆ ಕೂತಿರಿ. ಬೇಜಾರು ಮಾಡಿಕೊಳ್ಳಬೇಡಿ. ಅಪ್ಪ ಅಮ್ಮ ಹೊರಗೆ ಹೋದ ಮೇಲೆ ಬರುವ ಪ್ರಶ್ನೆಗಳೇ ಬೇರೆ. ಮದುವೆ ಮನೆಯಲ್ಲಿ ಒಂದು ಪೆಗ್ ತೆಗೆದುಕೊಂಡರೆ ಏನಾಗುತ್ತದೆ, ಸಿಗರೇಟು, ಹುಡುಗಿಯರ ವಿಷಯ, ನಾನು ಎಷ್ಟು ವರ್ಷ ಬದುಕುತ್ತೇನೆ ಎಂಬುದು. ಈ ಕೊನೆಯದನ್ನು ಅವರು ವರ್ಷಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ.

ಹಾಕಿಯ ವಿಷಯ. ಕೊಡಗಿನ ಹುಡುಗನ ಕೈಯಿಂದ ಹಾಕಿ ಸ್ಟಿಕ್ ಕಿತ್ತುಕೊಳ್ಳುವುದು ನನಗೂ ಇಷ್ಟವಿಲ್ಲ. ಫ್ಯಾಲೋ ಆದವರೆಲ್ಲ ಆಟ ಬಿಡಬೇಕಾಗಿಲ್ಲ. ಆದರೆ ಎಕೋ, ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ನೋಡಿದ ಮೇಲೆಯೇ ಹೇಳಬೇಕು. ತಪಾಸಣೆ ತಪ್ಪಿಹೋಗಿದ್ದರಿಂದ, ಈ ಪರೀಕ್ಷೆಗಳೆಲ್ಲ ಆಗುವ ತನಕ ಪಂದ್ಯ ಬೇಡ. ಆಡುವಾಗ ತಲೆ ಸುತ್ತಿದರೆ, ಎದೆ ಒಮ್ಮೆಲೇ ಓಡತೊಡಗಿದರೆ, ಪ್ರಜ್ಞೆ ತಪ್ಪಿದರೆ ಅವತ್ತೇ ಆಸ್ಪತ್ರೆಗೆ. ಸೇನೆ ಸೇರುವ ಆಸೆ ಇದ್ದರೆ ಈಗಲೇ ಮನಬಿಚ್ಚಿ ಮಾತಾಡಿ. ಇಂಥ ಆಪರೇಷನ್ ಆದವರು ಅಲ್ಲಿನ ವೈದ್ಯಕೀಯ ಪರೀಕ್ಷೆ ಪಾಸಾಗುವುದು ಬಹಳ ಕಷ್ಟ. ಇದು ಅವನಿಗೆ ಮನೆಯವರಿಂದಲೇ ಗೊತ್ತಾಗಲಿ, ಭರ್ತಿಯ ಸಾಲಿನಲ್ಲಿ ನಿಂತಾಗ ಅಲ್ಲ.

ಪ್ರಶ್ನೆ: ನನಗೆ 21 ವರ್ಷ. ಚಿಕ್ಕವಳಿದ್ದಾಗ ಕೀಲುವಾತದ ಜ್ವರ ಬಂದು ವಾಲ್ವ್ ಹಾಳಾಗಿತ್ತು. 16ನೇ ವಯಸ್ಸಿನಲ್ಲಿ ಎಡಗಡೆಯ ಮೈಟ್ರಲ್ ವಾಲ್ವ್ ತೆಗೆದು ಲೋಹದ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಿರಲು ದಿನಾ ವಾರ್ಫರಿನ್ ಮಾತ್ರೆ ತಗೊಳ್ತೇನೆ. ಈಗ ಗಂಡು ನೋಡುತ್ತಿದ್ದಾರೆ. ಅವರಿಗೆ ಏನೂ ಹೇಳಬೇಡ ಅಂತಾರೆ ನಮ್ಮ ಅತ್ತೆ. ನನಗೆ ಮಕ್ಕಳಾಗಬಹುದಾ?
– ಓದುಗಿ, ಕುಶಾಲನಗರ

ಉತ್ತರ: ತಂಗೀ, ಹೇಳಲೇಬೇಕು. ಇದು ನೀತಿಯ ಪ್ರಶ್ನೆ ಮಾತ್ರ ಅಲ್ಲ, ನಿಮ್ಮ ಜೀವದ ಪ್ರಶ್ನೆ. ಹೇಳದೆ ಮದುವೆಯಾದರೆ ಮಾತ್ರೆಯನ್ನು ಬಚ್ಚಿಟ್ಟು ನುಂಗಬೇಕಾಗುತ್ತದೆ. ಬಚ್ಚಿಟ್ಟ ಮಾತ್ರೆ ಒಂದಲ್ಲ ಒಂದು ದಿನ ತಪ್ಪುತ್ತದೆ. ಮಾತ್ರೆ ತಪ್ಪಿದರೆ ಲೋಹದ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಅದು ಮೆದುಳಿಗೆ ಹೋದರೆ ಪಾರ್ಶ್ವವಾಯು. ಸಂಬಂಧ ಕುದುರುವ ಹಂತಕ್ಕೆ ಬಂದರೆ ಹುಡುಗನನ್ನೇ ನಿಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವನು ಕೇಳುವ ಪ್ರಶ್ನೆಗಳಿಂದಲೇ ಮನುಷ್ಯ ಎಂಥವನು ಎಂದು ಗೊತ್ತಾಗುತ್ತದೆ.

ಮಕ್ಕಳಾಗಬಹುದು. ಆದರೆ ಲೋಹದ ವಾಲ್ವ್ ಇರುವವರ ಬಸಿರು ಹೆಚ್ಚು ಅಪಾಯದ್ದು ಎಂದೇ ಲೆಕ್ಕ. ಹೃದ್ರೋಗ ತಜ್ಞರು ಮತ್ತು ಹೆರಿಗೆ ತಜ್ಞರು ಇಬ್ಬರೂ ಇರುವ ದೊಡ್ಡ ಆಸ್ಪತ್ರೆಯಲ್ಲೇ ನೋಡಿಕೊಳ್ಳಬೇಕು. ವಾರ್ಫರಿನ್ ಮಗುವಿಗೂ ದಾಟುತ್ತದೆ, 6ರಿಂದ 12ನೇ ವಾರದಲ್ಲಿ ಅಂಗಗಳಿಗೆ ತೊಂದರೆ ಮಾಡಬಹುದು. ದಿನಕ್ಕೆ 5 ಮಿಲಿಗ್ರಾಂ ಒಳಗಿದ್ದರೆ ಅಪಾಯ ಕಡಿಮೆ. ಕೆಲವರಿಗೆ ಆ ಸಮಯದಲ್ಲಿ ಅದೇ ಕೆಲಸ ಮಾಡುವ ಹೆಪಾರಿನ್ ಇಂಜೆಕ್ಷನ್‌ಗೆ ಬದಲಿಸುತ್ತಾರೆ. ಯಾವುದು ಎಂಬುದನ್ನು ಬಸಿರಾಗುವ ಮೊದಲೇ ತೀರ್ಮಾನಿಸಬೇಕು. ಮುಟ್ಟು ನಿಂತಿತು ಎಂದು ಗಾಬರಿಯಾಗಿ ನೀವೇ ಮಾತ್ರೆ ನಿಲ್ಲಿಸಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಆ ತೀರ್ಮಾನ ಆಗುವ ತನಕ ಗರ್ಭ ತಡೆಯಲು ಅಂಗಡಿಯಲ್ಲಿ ಸಿಗುವ ಮಾತ್ರೆಯನ್ನು ಕೇಳದೆ ನುಂಗಬೇಡಿ. ಈಸ್ಟ್ರೋಜನ್ ಇರುವವು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತವೆ. ನಿಮ್ಮ ಕಾಯಿಲೆ ಹುಟ್ಟಿನಿಂದ ಬಂದದ್ದಲ್ಲ, ಹಾಗಾಗಿ ಮಗುವಿಗೂ ಬರುತ್ತದೆ ಎಂಬ ಹೆದರಿಕೆ ಬೇಡ.

ವಾಲ್ವ್ ಬದಲಾಯಿತಲ್ಲ ಎಂದು ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಇಂಜೆಕ್ಷನ್ ಬಿಟ್ಟಿದ್ದೀರಾ? ತುಂಬಾ ಜನ ಬಿಡುತ್ತಾರೆ. ಉಳಿದ ವಾಲ್ವ್‌ಗಳನ್ನು ಕಾಪಾಡಲು ಅದು ಬೇಕು. ಕೊಡುವ ನರ್ಸ್‌ಗೆ ವಾರ್ಫರಿನ್ ವಿಷಯ ಮೊದಲೇ ಹೇಳಿ. ಹಲ್ಲು ಕೀಳಿಸುವ ಮುಂಚೆ ಆಂಟಿಬಯೋಟಿಕ್ ಬೇಕು ಎಂದು ದಂತವೈದ್ಯರಿಗೂ ನೀವೇ ಹೇಳಬೇಕು. ಮೈಕೈ ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡ.

ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ತಿಂಗಳಿಗೊಮ್ಮೆಯಾದರೂ ಆಗಲಿ. ನಿಮ್ಮ ವಾಲ್ವ್‌ಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಮಳೆಗಾಲದಲ್ಲಿ ಕೆಸುವಿನ ಸೊಪ್ಪು, ಕಾಡು ಸೊಪ್ಪು ಜಾಸ್ತಿ ತಿನ್ನುತ್ತೇವೆ ಅಲ್ವಾ? ಸೊಪ್ಪು ಒಮ್ಮೆಲೇ ಹೆಚ್ಚಿದರೆ ಮಾತ್ರೆಯ ಬಲ ಇಳಿಯುತ್ತದೆ. ಪೂರ್ತಿ ಬಿಡುವುದು ಬೇಡ, ವರ್ಷವಿಡೀ ಒಂದೇ ಹದದಲ್ಲಿ ತಿನ್ನಿ. ಕಕ್ಕಡ ಹದಿನೆಂಟರ ಮದ್ದು ಸೊಪ್ಪಿನ ಪಾಯಸವನ್ನು ಮಾತ್ರ ಬಿಟ್ಟುಬಿಡಿ. ಅದು ಮೂತ್ರವನ್ನು ಕೆಂಪು ಮಾಡುತ್ತದೆ. ವಾರ್ಫರಿನ್ ಹೆಚ್ಚಾಗಿ ರಕ್ತ ಹೋದರೂ ಮೂತ್ರ ಕೆಂಪೇ. ಸೊಪ್ಪಿನ ಬಣ್ಣ ಅಂದುಕೊಂಡು ರಕ್ತಸ್ರಾವವನ್ನು ಕಡೆಗಣಿಸುವ ಅಪಾಯ ನಿಮಗೆ ಬೇಡ. ಜೂನ್ ಬರುವ ಮೊದಲು ಎರಡು ವಾರಕ್ಕೆ ಹೆಚ್ಚುವರಿ ಮಾತ್ರೆ ಮನೆಯಲ್ಲಿರಲಿ, ರಸ್ತೆ ಬಂದ್ ಆದರೂ ತೊಂದರೆ ಆಗದ ಹಾಗೆ.

ಪ್ರಶ್ನೆ: ನಾವು ಲೈನ್‌ಮನೆಯಲ್ಲಿರುವವರು. ಶಾಲೆಗೆ ಬಂದ ಡಾಕ್ಟರ ತಂಡ ಮಗಳ ಹೃದಯದ ಮೇಲಿನ ಕೋಣೆಗಳ ನಡುವೆ ತೂತು ಇರುವುದನ್ನು ಕಂಡುಹಿಡಿಯಿತು. ಸರ್ಕಾರದ ಖರ್ಚಿನಲ್ಲೇ ತೊಡೆಯ ನರದಿಂದ ಹೋಗಿ ಮುಚ್ಚಿದರು. ಈಗ ಅವಳಿಗೆ 17. ಹದಿನೆಂಟಾದ ಮೇಲೆ ಖರ್ಚು ಯಾರು ನೋಡುತ್ತಾರೆ?
– ತೋಟದ ಕೆಲಸಗಾರ, ಸಿದ್ದಾಪುರ

ಉತ್ತರ: ಅಣ್ಣಾ, ಶಾಲೆಗೆ ಬಂದದ್ದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. ಅದು ಹದಿನೆಂಟು ವರ್ಷದವರೆಗೆ ಮಾತ್ರ. ಆಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಮಗಳ ಹೆಸರು ರೇಷನ್ ಕಾರ್ಡಿನಲ್ಲಿ ಇದೆಯಾ ಎಂದು ಈಗಲೇ ನೋಡಿಕೊಳ್ಳಿ. ದೊಡ್ಡ ಆಸ್ಪತ್ರೆಗೆ ಹೋಗುವ ಮುಂಚೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಕೇಳಿ ಪಡೆಯಿರಿ. ತಪಾಸಣೆಗೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ನಿಮಗೆ ಹತ್ತಿರ.

ನಿಮ್ಮ ಮಗಳದ್ದು ನೆಮ್ಮದಿಯ ಸುದ್ದಿ. ತೂತು ಪೂರ್ತಿ ಮುಚ್ಚಿದ್ದು, ಸೋರಿಕೆ ಇಲ್ಲದಿದ್ದರೆ ಅವಳು ಕೆಲಸ ಮಾಡಬಹುದು, ಆಡಬಹುದು, ಮುಂದೆ ಹೆರಿಗೆಗೂ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಬಸಿರಾದಾಗ ಸುಮಾರು 20ನೇ ವಾರದಲ್ಲಿ ಮಗುವಿನ ಹೃದಯದ ಸ್ಕ್ಯಾನಿಂಗ್ ಮಾಡಿಸಬೇಕು, ಅಷ್ಟೇ. ಹದಿನೆಂಟು ತುಂಬುವ ಮೊದಲು ಒಂದು ಎಕೋ ಮಾಡಿಸಿ, ಆಮೇಲೆ ಮೂರರಿಂದ ಐದು ವರ್ಷಕ್ಕೊಮ್ಮೆ. ನಡುವೆ ಎದೆನೋವು ಅಥವಾ ತಲೆಸುತ್ತು ಬಂದರೆ ಅಷ್ಟು ದಿನ ಕಾಯಬೇಡಿ. ತೂತು ಮುಚ್ಚುವ ಡಿವೈಸ್ ಹಾಕಿದಾಗ ಅದರ ಹೆಸರು, ಅಳತೆ ಇರುವ ಚಿಕ್ಕ ಕಾರ್ಡ್ ಕೊಟ್ಟಿರುತ್ತಾರೆ. ಅದು ಸಿಗದಿದ್ದರೆ ಮುಚ್ಚಿದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಮಗಳೇ ಅರ್ಜಿ ಕೊಟ್ಟು ಪ್ರತಿ ಪಡೆಯಲಿ, ನೀವು ಜೊತೆಗೆ ಹೋಗಿ.