ಶನಿವಾರದ ಬಿಳಿ ಅಂಗಿ, ಸಂಡೂರಿನ ಕೆಂಧೂಳು

ಪತ್ರ: ಸಂಪಾದಕರಿಗೆ ನಮಸ್ಕಾರ. ಪರಿಸರಕ್ಕೆ ಒಳ್ಳೆಯದು ಅಂತ ನಾನು ಸಸ್ಯಮೂಲದ ಬಟ್ಟೆ ಒಗೆಯುವ ಲಿಕ್ವಿಡ್ ಅನ್ನು ಆನ್‌ಲೈನ್‌ನಲ್ಲಿ ತರಿಸುತ್ತಿದ್ದೇನೆ. ಬೆಲೆ ಜಾಸ್ತಿ. ಮಗನ ಬಿಳಿ ಯೂನಿಫಾರ್ಮ್ ಕೆಂಪಾಗಿ ಬರುವುದರಿಂದ ಮೆಷಿನ್‌ನಲ್ಲಿ 60 ಡಿಗ್ರಿ ಬಿಸಿನೀರಿಗೆ ಹಾಕುತ್ತೇನೆ. ನಮ್ಮ ಅತ್ತೆ ಮಾತ್ರ ಬಾರ್ ಸೋಪು, ತಣ್ಣೀರು, ಬಿಸಿಲು ಸಾಕು ಅಂತಾರೆ. ಈ ಲಿಕ್ವಿಡ್‌ನಿಂದ ನಮ್ಮ ಮನೆಯ ಕಾರ್ಬನ್ ಹೊರೆ ಇಳಿಯುತ್ತದಾ? ಅತ್ತೆಯವರನ್ನು ಹೇಗೆ ಒಪ್ಪಿಸಲಿ?
ಓದುಗ ಸಹೋದರಿ, ಸಂಡೂರು

ಉತ್ತರ: ತಂಗಿ, ಅತ್ತೆಯವರನ್ನು ಒಪ್ಪಿಸಲು ಹೋಗಬೇಡಿ. ಒಪ್ಪಬೇಕಾದವರು ನೀವು.

ಬೇಜಾರು ಮಾಡಿಕೊಳ್ಳಬೇಡಿ. ಬಟ್ಟೆ ಒಗೆಯುವಾಗ ಭೂಮಿಯ ಬಗ್ಗೆ ಯೋಚಿಸುವವರು ನಮ್ಮ ಊರುಗಳಲ್ಲಿ ಎಷ್ಟು ಜನ ಇದ್ದಾರೆ? ನಿಮ್ಮ ಪತ್ರ ಓದಿ ಖುಷಿಯಾಯಿತು. ನಿಮ್ಮ ಲಿಕ್ವಿಡ್‌ನಲ್ಲೂ ಒಂದು ಒಳ್ಳೆಯ ಗುಣ ಇದೆ. ಸಾಮಾನ್ಯ ಪೌಡರ್‌ನಲ್ಲಿ ಕೊಳೆ ಬಿಡಿಸುವ ಮುಖ್ಯ ವಸ್ತುವಿಗೆ ತಯಾರಕರು ಆಸಿಡ್ ಸ್ಲರಿ ಅಂತಾರೆ. ಅದು ಹುಟ್ಟುವುದು ಪೆಟ್ರೋಲಿಯಂನಿಂದ. ಅಂದರೆ ನೆಲದಡಿ ಹೂತಿದ್ದ ಇಂಗಾಲ ಚರಂಡಿಯಲ್ಲಿ ಕೊಳೆತು ಗಾಳಿಗೆ ಸೇರುತ್ತದೆ. ಗಿಡದಿಂದ ತೆಗೆದದ್ದರಲ್ಲಿ ಇರುವುದು ಗಿಡ ಗಾಳಿಯಿಂದಲೇ ಹೀರಿದ ಇಂಗಾಲ. ಇಷ್ಟು ನಿಜ.

ಆದರೆ ಆ ಗಿಡ ಬಹಳ ಸಲ ತಾಳೆಯೇ ಆಗಿರುತ್ತದೆ. ತಾಳೆ ಎಣ್ಣೆ ಹೆಚ್ಚಾಗಿ ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅಲ್ಲಿ ಕಾಡು ಕಡಿದು, ಜೌಗು ನೆಲ ಒಣಗಿಸಿ ತಾಳೆ ಹಾಕಿದ ಕಡೆ ಸಾವಿರಾರು ವರ್ಷ ಮಣ್ಣಲ್ಲಿ ಕೂತಿದ್ದ ಇಂಗಾಲ ಮೇಲೆದ್ದು ಬಂದಿದೆ. ಇನ್ನು ಲಿಕ್ವಿಡ್‌ನಲ್ಲಿ ಹೆಚ್ಚಿನ ಪಾಲು ನೀರು. ಆ ನೀರನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಲಾರಿಗೆ ಏರಿಸಿ, ನೂರಾರು ಕಿಲೋಮೀಟರ್ ದಾಟಿಸಿ ನಿಮ್ಮ ಬಾಗಿಲಿಗೆ ತರುತ್ತಾರೆ. ಡಬ್ಬಿಯ ಮೇಲಿನ ಹಸಿರು ಎಲೆ ನೋಡಿ ನಂಬಬೇಡಿ. ಇಂಥ ಮಾತಿಗೆ ಆಧಾರ ತೋರಿಸಬೇಕು ಎಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ತಂದಿದೆ. ಅದಕ್ಕೂ ಬಹಳ ಮೊದಲು, 1991ರಲ್ಲೇ ಸರ್ಕಾರ ಇಕೋಮಾರ್ಕ್ ಎಂಬ ಗುರುತು ಮಾಡಿತ್ತು. ಮಣ್ಣಿನ ಮಡಕೆಯ ಚಿತ್ರ. ಸೋಪು, ಡಿಟರ್ಜೆಂಟ್‌ಗೂ ಅದನ್ನು ಕೊಡುವ ಯೋಜನೆ ಇತ್ತು. ನಿಮ್ಮ ಅಂಗಡಿಯಲ್ಲಿ ಆ ಮಡಕೆ ನೋಡಿದ ನೆನಪು ಯಾರಿಗಾದರೂ ಇದೆಯೇ?

ಈಗ ಆ 60 ಡಿಗ್ರಿಗೆ ಬರೋಣ. 25 ಡಿಗ್ರಿಯ 15 ಲೀಟರ್ ನೀರನ್ನು 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಕರೆಂಟ್ ಬೇಕು. ವಾರಕ್ಕೆ 3 ಸಲ ಅಂದರೆ ವರ್ಷಕ್ಕೆ 90 ಯೂನಿಟ್ ದಾಟುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆದರೆ ಹತ್ತಿರ ಹತ್ತಿರ 1 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಆ ಕಲ್ಲಿದ್ದಲು ಎಲ್ಲೋ ದೂರದಲ್ಲಿ ಉರಿಯುವುದಿಲ್ಲ. ಬಳ್ಳಾರಿ ಪಕ್ಕದ ಕುಡತಿನಿಯಲ್ಲಿ 1,700 ಮೆಗಾವ್ಯಾಟ್, ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸ್ಥಾವರ ನಿಂತಿವೆ. ಅವುಗಳ ಹಾರುಬೂದಿ ನಮ್ಮ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗೇ ಕೂರುತ್ತದೆ. ಒಂದು ಡಬ್ಬಿ ಲಿಕ್ವಿಡ್ ಬದಲಿಸಿ ಉಳಿಸಿದ್ದನ್ನು ಆ ಬಿಸಿನೀರಿನ ಬಟನ್ ನುಂಗಿ ಹಾಕುತ್ತದೆ ತಂಗಿ. ನಮ್ಮ ಬೇಸಿಗೆಯಲ್ಲಿ ಟ್ಯಾಂಕಿನ ನೀರು ತಾನಾಗಿಯೇ ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಮತ್ತೆ ಕರೆಂಟಿನಲ್ಲಿ ಕಾಯಿಸುವುದೇಕೆ?

ಅದೂ ಅಲ್ಲದೆ, ಸಂಡೂರಿನ ಕೆಂಪು ಬಿಸಿನೀರಿಗೆ ಹೋಗುವ ಕೊಳೆ ಅಲ್ಲ. ಅದು ಗಣಿಯ ಅದಿರಿನ ಧೂಳು, ಕಬ್ಬಿಣದ ಆಕ್ಸೈಡ್. ನೀರಲ್ಲೂ ಕರಗದು, ಸೋಪಿಗೂ ಕರಗದು. ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಅವ್ವ ಅಂಗಿಯನ್ನು ನೀರು ತಾಗಿಸುವ ಮೊದಲು ಹಿತ್ತಲಲ್ಲಿ ಜೋರಾಗಿ ಝಾಡಿಸುತ್ತಿದ್ದಳು. ಒಣಗಿದ್ದಾಗ ಅರ್ಧ ಧೂಳು ಉದುರಿ ಹೋಗುತ್ತದೆ. ಒದ್ದೆಯಾದರೆ ಎಳೆಯೊಳಗೆ ಇಳಿಯುತ್ತದೆ. ಉಳಿದ ಕಲೆಗೆ ನಿಂಬೆಹುಳಿ ಸವರಿ ಬಿಸಿಲಿಗೆ ಹಾಕುತ್ತಿದ್ದಳು. ಕಬ್ಬಿಣದ ಕಲೆಯನ್ನು ಕರಗಿಸುವುದು ಹುಳಿ. ರಸಾಯನಶಾಸ್ತ್ರವೂ ಹೇಳುವುದು ಅದನ್ನೇ. ಆಮೇಲೆ ತಣ್ಣೀರಲ್ಲಿ ಸ್ವಲ್ಪ ಸೋಪು ಹಾಕಿ ರಾತ್ರಿ ನೆನೆಹಾಕುವುದು. ಬೆವರಿನ ಕಾಲರಿಗೆ ಮಾತ್ರ ಬಾರ್ ಉಜ್ಜುವುದು. ನಿಮ್ಮ ಅತ್ತೆ ಹೇಳುತ್ತಿರುವುದು ಬಹುಶಃ ಇದೇ. ಕೇಳಿ ನೋಡಿ.

ನಾನು ಕಲ್ಲಿನ ಮೇಲೆ ಬಡಿಯಿರಿ ಎನ್ನುತ್ತಿಲ್ಲ. ಬಟ್ಟೆ ಒಗೆದು ಒಗೆದು ಸೊಂಟ ಬಿದ್ದ ತಾಯಂದಿರನ್ನು ಕಣ್ಣಾರೆ ಕಂಡವನು ನಾನು. ಮೆಷಿನ್ ಇರಲಿ. ಹೀಟರ್ ಆಫ್ ಇರಲಿ. ತುಂಬಾ ಬಟ್ಟೆ ಸೇರಿದ ಮೇಲೆ ಹಾಕಿ. ಮಗನಿಗೂ ಅವನ ಅಪ್ಪನಿಗೂ ಝಾಡಿಸುವ ಕೆಲಸ ಕಲಿಸಿ.

ಪೌಡರ್ ಆಗಲಿ ಲಿಕ್ವಿಡ್ ಆಗಲಿ, ನಾವು ಹಾಕುವುದು ಬೇಕಿದ್ದಕ್ಕಿಂತ ಬಹಳ ಜಾಸ್ತಿ. ನೊರೆ ಬಂದಷ್ಟೂ ಸ್ವಚ್ಛ ಎಂದು ಜಾಹೀರಾತು ನಮಗೆ ಕಲಿಸಿಬಿಟ್ಟಿದೆ. ನೊರೆ ಕೊಳೆ ತೆಗೆಯುವುದಿಲ್ಲ. ನೊರೆ ಹೋಗಲು ಮತ್ತೆ ಮೂರು ಬಕೆಟ್ ನೀರು ಬೇಕು, ಆ ನೀರೆತ್ತಲು ಬೋರಿನ ಮೋಟಾರ್ ಓಡಬೇಕು. ನಲ್ಲಿಗೆ ದಿನ ಬಿಟ್ಟು ದಿನವೂ ನೀರು ಬಾರದ ಊರು ನಮ್ಮದು! ಹಿಂದೆ ನಮ್ಮ ಕಡೆ ಮಡಿವಾಳರು ಸವಳು ಮಣ್ಣಿನಲ್ಲಿ, ಅಂದರೆ ಉಪ್ಪೆದ್ದ ಮಣ್ಣಿನಲ್ಲಿ, ಬಟ್ಟೆ ಒಗೆಯುತ್ತಿದ್ದರು. ಅದರಲ್ಲಿದ್ದದ್ದೂ ಇವತ್ತಿನ ಪೌಡರ್‌ನಲ್ಲಿರುವ ಸೋಡವೇ. ಇವತ್ತು ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಎಷ್ಟೋ ಕಾಲುವೆ ಗದ್ದೆಗಳು ಅತಿ ನೀರಿನಿಂದ ತಾವೇ ಸವಳಾಗಿವೆ. ಅದರ ಮೇಲೆ ಸೋಡ, ಉಪ್ಪು ತುಂಬಿದ ಪೌಡರಿನ ನೀರನ್ನೂ ಎರೆ ಮಣ್ಣಿಗೆ ಬಿಟ್ಟರೆ ನೆಲ ಕಲ್ಲಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿಯೇ ಹತ್ತಿಕೊಂಡಿತು. ಅಲ್ಲಿ ಸೇರಿದ ಕೊಳಚೆಯಲ್ಲಿ ಲಕ್ಷಾಂತರ ಮನೆಗಳ ಸೋಪಿನ ನೀರೂ ಇತ್ತು.

ಅದೇ ಬೆಂಗಳೂರಿನಲ್ಲಿ ನನ್ನ ಸಂಬಂಧಿಕರ ಅಪಾರ್ಟ್‌ಮೆಂಟ್ ಇದೆ. ಬಾಲ್ಕನಿಯಲ್ಲಿ ಬಟ್ಟೆ ಕಾಣಬಾರದು ಎಂದು ಅಲ್ಲಿ ನಿಯಮ. ಅವರು ಡ್ರೈಯರ್ ತಂದರು. ಒಂದು ಸಲ ಒಣಗಿಸಲು ಎರಡು ಮೂರು ಯೂನಿಟ್ ಬೇಕು. ಈಗ ಬಳ್ಳಾರಿಯ ಹೊಸ ಲೇಔಟ್‌ಗಳಲ್ಲೂ ಇದೇ ಗೀಳು ಶುರುವಾಗಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಹಗ್ಗ ಕಟ್ಟಲು ನಾಚಿಕೆ ಪಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ನಿಜವಾದ ಸಿಟ್ಟು ಬಿಳುಪಿನ ಮೇಲೆ. ಪೌಡರ್ ಕೊಡುವ ಆ ಹೊಳಪು ಸ್ವಚ್ಛತೆಯೇ ಅಲ್ಲ. ಬಿಸಿಲಿನ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಬಿಡುವ ಬಣ್ಣವೊಂದು ಬಟ್ಟೆಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಕಣ್ಣಿಗೆ ಬಿಳಿ ಕಾಣುತ್ತದೆ, ಕೊಳೆ ಇದ್ದಲ್ಲೇ ಇರಬಹುದು. ಈ ಬಿಳುಪಿಗಾಗಿ ಸಂಡೂರು, ಹೊಸಪೇಟೆ, ತೋರಣಗಲ್ಲಿನ ತಾಯಂದಿರು ಶುಕ್ರವಾರ ರಾತ್ರಿ ಒದ್ದಾಡುತ್ತಾರೆ, ಯಾಕೆಂದರೆ ಶನಿವಾರ ಶಾಲೆಗೆ ಬಿಳಿ ಯೂನಿಫಾರ್ಮ್. ಅದಿರಿನ ಲಾರಿ ಓಡುವ ರಸ್ತೆ ಪಕ್ಕದ ಶಾಲೆಯಲ್ಲಿ ಬಿಳಿ ಅಂಗಿ, ಬಿಳಿ ಚಡ್ಡಿ, ಬಿಳಿ ಕ್ಯಾನ್ವಾಸ್ ಶೂ! ಧೂಳು ಎಬ್ಬಿಸಿದವರನ್ನು ಯಾರೂ ಕೇಳುವುದಿಲ್ಲ. ಅಂಗಿ ಮಾಸಿದ ಹುಡುಗನನ್ನು ಮಾತ್ರ ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುತ್ತಾರೆ. ಇದು ಅನ್ಯಾಯ. ಜೀನ್ಸ್ ಹೊಲಿದು ದೇಶಕ್ಕೆ ಕಳಿಸುವ ಬಳ್ಳಾರಿ ತನ್ನ ಮಕ್ಕಳಿಗೆ ಗಾಢ ಬಣ್ಣದ ಒಂದು ಬಟ್ಟೆ ಗೊತ್ತು ಮಾಡಲಾರದೇ?

ಮುಂದಿನ ಪಾಲಕರ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ ತಂಗಿ. ಈ ಪುಟವನ್ನೇ ಹೆಡ್‌ಮಾಸ್ತರರ ಕೈಗೆ ಕೊಡಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಉಳಿದ ಲಿಕ್ವಿಡ್ ಚೆಲ್ಲಬೇಡಿ. ಡಬ್ಬಿ ಮೇಲೆ ಬರೆದದ್ದರ ಅರ್ಧ ಮುಚ್ಚಳ ಹಾಕಿ, ತಣ್ಣೀರಲ್ಲಿ ಮುಗಿಸಿ. ಮುಗಿದ ಮೇಲೆ ಊರಿನ ಅಂಗಡಿಯಿಂದ ಬಾರ್ ಸೋಪು ತನ್ನಿ.